ಹೆಗಲ ಮೇಲೆ ಉಳಿದ ಕೈ

ಫಲಿತಾಂಶ ಬಂದ ಸಂಜೆ ಕಾಜಲ ಕುರಿಗಳ ಕಾಲು ತೊಳೆಯುತ್ತಿದ್ದಳು. ಮಳೆ ಹಿಂದೆ ಸರಿಯುವ ಹೊತ್ತು. ಕೆಸರಿನಲ್ಲಿ ಗೊರಸು ಕೊಳೆಯುತ್ತವೆಂದು ಅವರ ಮನೆಯಲ್ಲಿ ದಿನವೂ ಆ ಕೆಲಸ ಇರುತ್ತಿತ್ತು. ತಂಗಿ ಸೀಮಾ ಮೊಬೈಲು ಹಿಡಿದು ಓಡಿ ಬಂದಳು. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿತ್ತು. ಕಾಜಲ ಕೈ ಒರೆಸಿಕೊಂಡು ಒಮ್ಮೆ ನೋಡಿದಳು, ಮತ್ತೆ ಒಮ್ಮೆ ನೋಡಿದಳು, ಆಮೇಲೆ ಉಳಿದ ಕುರಿಗಳ ಕಾಲೂ ತೊಳೆದು ಎದ್ದಳು. ಅವಳ ಅಜ್ಜಿ ಗುರಮ್ಮ ಕೇಳಿದ್ದು ಒಂದೇ ಮಾತು, ನಾಳೆಯೇ ಹೋಗಬೇಕೇನು ಎಂದು.

ನಾಳೆ ಹೋಗಬೇಕಾಗಿರಲಿಲ್ಲ. ಯಾರೋ ಆ ಪರೀಕ್ಷೆಯ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. ಸೀಟು ಹಂಚುವ ಕೆಲಸ ನಿಂತಿತು. ಒಂದು ತಾರೀಖು ಹೇಳುತ್ತಿದ್ದರು, ಅದು ಬರುವ ಮೊದಲೇ ಇನ್ನೊಂದು ಹೇಳುತ್ತಿದ್ದರು. ಹೀಗೆ ಕಾಜಲಳ ಕೈಗೆ ಕೇಳದೆಯೇ ಕೆಲವು ತಿಂಗಳ ಬಿಡುವು ಬಂತು.

ನಮ್ಮದು ಗಡಿಯಾಚೆ, ಮರಾಠಿ ಸೀಮೆಯ ಮುರುಮದ ಹತ್ತಿರದ ಒಂದು ವಾಡಿ, ಸಣ್ಣ ಹಳ್ಳಿ. ಕಾಜಲಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ನಾವಿಬ್ಬರೂ ಗೆಳತಿಯರು. ಅವರು ಕುರಿ ಸಾಕುವವರು, ಮರಾಠಿಯಲ್ಲಿ ಧನಗರರು, ಬೀರಪ್ಪನ ಒಕ್ಕಲು. ಅವಳ ಅಪ್ಪ ಅಮೃತಪ್ಪ ಊರ ಹೊರಗಿನ ಬೀರಪ್ಪನ ಗುಡಿಯ ಪೂಜಾರಿ. ಎರಡು ವರ್ಷ ಕಾಜಲ ಪುಸ್ತಕದಿಂದ ತಲೆ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಈಗ ಮೊದಲ ವಾರ ಪೂರ್ತಿ ಮಲಗಿದಳು. ಎರಡನೆಯ ವಾರ ಅಜ್ಜಿಯ ಹಿಂದೆ ಕುರಿ ಹೊಡೆದುಕೊಂಡು ಹೋದಳು. ಮನೆಯಲ್ಲಿದ್ದರೆ ಅವಳ ಅವ್ವ ದ್ರೌಪದಿ, "ಡಾಕ್ಟರ್ ಬಾಯಾರೆ, ಒಲಿ ಹಚ್ಚೂದು ಕಲ್ತೀರೋ, ಅದಕ್ಕೂ ಪರೀಕ್ಷಾ ಅದನೋ?" ಎಂದು ಕಾಡುತ್ತಿದ್ದಳು. ಕಾಜಲ ನಗುತ್ತ ರೊಟ್ಟಿ ಬಡಿಯುತ್ತಿದ್ದಳು. ಅವು ಎಂದೂ ದುಂಡಗೆ ಬರುತ್ತಿರಲಿಲ್ಲ.

ಆ ಹೊತ್ತಿಗೆ ಉಮಾಬಾಯಿಯವರು ಕಣ್ಣಿನ ಪೊರೆ ತೆಗೆಸಿಕೊಂಡರು.

ಉಮಾಬಾಯಿಯವರು ಮುರುಮದ ಅಡತಿ ಬಜಾರದ ಹಿಂದೆ ಇದ್ದರು. ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಬಂದವರು. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉದಗೀರಕ್ಕೋ ಲಾತೂರಕ್ಕೋ ಕೋಚಿಂಗ್ ಕ್ಲಾಸಿಗೆ ಹೋಗಲಾಗದ ಹುಡುಗಿಯರು ಸಾಯಂಕಾಲ ಅವರ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಪುಸ್ತಕ ಮರಾಠಿಯಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡ. ನಮ್ಮ ಹುಡುಗಿಯರು ಈ ಮೂರರ ನಡುವೆ ಎಲ್ಲೋ ಒಂದು ಕಡೆ ಕಾಲು ಜಾರಿ ಬೀಳುತ್ತಿದ್ದರು. ಉಮಾಬಾಯಿಯವರು ಎಲ್ಲವನ್ನೂ ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳುತ್ತಿದ್ದರು. ಮರಾಠಿ ಮಕ್ಕಳು ಅವರನ್ನು ಬಾಯಿ ಎನ್ನುತ್ತಿದ್ದರು, ನಮ್ಮವರು ಅಕ್ಕೋರು ಎನ್ನುತ್ತಿದ್ದರು. ಭೌತಶಾಸ್ತ್ರವೊಂದನ್ನು ಕಾಜಲ ಮೊಬೈಲಿನಲ್ಲಿ ನೋಡಿ ಕಲಿತಳು. ಉಳಿದದ್ದೆಲ್ಲ ಆ ಮಾಳಿಗೆಯ ಮೇಲಿನದು.

ಕಣ್ಣಿನ ಆಪರೇಷನ್ ಆದಮೇಲೆ ಉಮಾಬಾಯಿಯವರು ಕ್ಲಾಸು ಮುಚ್ಚಿ ಕಲ್ಯಾಣದ ತಮ್ಮನ ಮನೆಗೆ ಹೋಗಿಬಿಡುವುದೆಂದು ಗಟ್ಟಿ ಮಾಡಿದ್ದರು. ಕರಿ ಕನ್ನಡಕ ಹಾಕಿಕೊಂಡು ಕುಳಿತವರನ್ನು ನೋಡಲು ಕಾಜಲ ಹೋದಳು, ಅವಳ ಜೊತೆಗೆ ನಾನೂ ಹೋದೆ. ಕಾಜಲ ಅಲ್ಲಿಯೇ ಹೇಳಿದಳು: ನನಗೆ ಕರೆ ಬರುವವರೆಗೆ ಕ್ಲಾಸು ನಾನು ತೆಗೆದುಕೊಳ್ಳುತ್ತೇನೆ, ಅಷ್ಟರಲ್ಲಿ ನಿಮ್ಮ ಕಣ್ಣು ಆರಾಮಾಗುತ್ತದೆ, ಮುಂದೆ ರಜೆಗೆ ಬಂದಾಗಲೆಲ್ಲ ನಾನು ಇಲ್ಲಿಯೇ ಇರುತ್ತೇನೆ.

"ಹೋಗೋರೆಲ್ಲ ಹಂಗೇ ಅಂತಾರ," ಅಂದರು ಉಮಾಬಾಯಿ. "ಬಾಜೂಕ ನಿಂತು ಫೋಟೋ ತೆಗಸ್ಕೊಂತಾರ, ಪೇಢಾ ಕೊಡ್ತಾರ. ಆಮ್ಯಾಲ ಬಸ್ಸಿನಾಗ ಕಂಡ್ರೂ ಖಿಡಕಿ ಕಡಿ ಮಾರಿ ಹೊಳ್ಳಸ್ತಾರ."

"ನಾ ಹೊಳ್ಳಸಲ್ರಿ."

ಉಮಾಬಾಯಿಯವರು ಮರುದಿನ ತಮ್ಮನಿಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದರು. ಆ ವರ್ಷ ಹೊಸ ಹುಡುಗಿಯರನ್ನೂ ಸೇರಿಸಿಕೊಂಡರು. ಕಾಜಲಳ ಒಂದು ಮಾತಿನ ಮೇಲೆ ಅವರು ಆ ಮನೆಯಲ್ಲಿ ಉಳಿದರು. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದರ ಭಾರ ಇದರಲ್ಲಿಯೇ ಇದೆ.

ಬಿಡುವಿನ ಆ ತಿಂಗಳುಗಳನ್ನು ಕಾಜಲ ಬಳಸಿಕೊಂಡ ಹಾಗೆ ಬಳಸಿಕೊಂಡವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಕುರಿ, ಮಧ್ಯಾಹ್ನ ಮರುದಿನದ ಪಾಠದ ತಯಾರಿ, ನಾಲ್ಕರ ಬಸ್ಸಿಗೆ ಮುರುಮ. ನಾನು ಕಾಲೇಜು ಮುಗಿಸಿ ಉಮರ್ಗಾದಿಂದ ಬರುವ ದಾರಿಯಲ್ಲಿ ಇಳಿದು ಮಾಳಿಗೆ ಹತ್ತುತ್ತಿದ್ದೆ. ಅಡತಿಯ ಕಡೆಯಿಂದ ತೊಗರಿಯ ದೂಳು ತೇಲಿ ಬರುತ್ತಿತ್ತು. ಅದರೊಳಗೆ ಬಿಸಿಲು ಹಳದಿಯಾಗಿ ನಿಂತಿರುತ್ತಿತ್ತು. ಕಾಜಲ ಹಲಗೆಯ ಮುಂದೆ ನಿಂತು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಮೊದಲು ಅವಳ ದನಿ ನಡುಗುತ್ತಿತ್ತು. ಉಮಾಬಾಯಿಯವರು ಹಿಂದೆ ಗೋಡೆಗೆ ಒರಗಿ ಕೂತು ತಪ್ಪಿದಲ್ಲಿ ಮಾತ್ರ ಕೆಮ್ಮುತ್ತಿದ್ದರು.

ಒಂದು ಭಾನುವಾರ ಅವಳ ಮನೆಯಲ್ಲಿ ಹರಕೆಯ ಟಗರು ಕಡಿದರು. ಕಾಜಲ ಅದರ ಗುಂಡಿಗೆಯನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಮುರುಮಕ್ಕೆ ಹೊರಟಳು. ಉಮಾಬಾಯಿಯವರು ಲಿಂಗ ಕಟ್ಟಿದವರು, ತತ್ತಿ ಸಹ ಮುಟ್ಟದವರು. ಡಬ್ಬಿಯಲ್ಲಿ ಏನಿದೆ ಎಂದು ತಿಳಿದದ್ದೇ, ಮಾಳಿಗೆಯ ಮೇಲೆ ಬೇಡ, ಹಿತ್ತಲಿಗೆ ಒಯ್ಯಿ, ನಾನು ಆ ಕಡೆ ಬರುವುದಿಲ್ಲ ಎಂದರು. ಬೇವಿನ ಗಿಡದ ಕೆಳಗೆ ಹಲಗೆಯ ಮೇಲಿಟ್ಟು ಕಾಜಲ ಅದನ್ನು ಸೀಳಿದಳು. ಹುಡುಗಿಯರು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ಅವಳು ಒಳಗಿನ ತೆಳು ಪದರವನ್ನು ಬೆರಳಿನಿಂದ ಎತ್ತಿ, "ಇದು ಬಾಗಿಲಾ. ರಕ್ತ ಈ ಕಡಿಂದ ಹೋಗ್ತದ. ಹೋದದ್ದು ಹೊಳ್ಳಿ ಬರಬಾರದಂತ ಇದು ಮುಚ್ಕೊಂತದ," ಎಂದಳು. ತಿರುಗಿ ನೋಡಿದರೆ ಉಮಾಬಾಯಿಯವರು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಕರಿ ಕನ್ನಡಕ, ಮೂಗಿಗೆ ಸೆರಗು.

"ಎಡಗಡಿ ಗ್ವಾಡಿ ದಪ್ಪ ಅದ, ಅದು ತೋರಸೇ ಇಲ್ಲ ನೀ," ಅಂದರು ಸೆರಗಿನೊಳಗಿನಿಂದ.

ಅಂದು ಅವರೇ ಹಿತ್ತಲಿಗೆ ಸೆಗಣಿ ನೀರು ಹಾಕಿದರು. ತಮ್ಮ ಕೊರಳ ಲಿಂಗಪ್ಪನಿಗೆ ಉತ್ತರ ಕೊಡುವ ಕೆಲಸ ಕಾಜಲಳದು ಎಂದರು. ಅವರು ಅಷ್ಟು ನಗುವುದನ್ನು ನಾವು ಕಂಡಿರಲಿಲ್ಲ.

ಅಡತಿಯಲ್ಲಿ ಕಾಳು ಹಸನು ಮಾಡುವ ಚಂಪಾಬಾಯಿಯ ಮಗಳು ಎಲ್ಲರಿಗಿಂತ ಚುರುಕಾಗಿದ್ದಳು. ಮುಂದಿನ ಸಲ ಇವಳು, ಎಂದು ಉಮಾಬಾಯಿಯವರು ಅವಳ ಮುಂದೆಯೇ ಹೇಳುತ್ತಿದ್ದರು. ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಬರುವ ಹೊತ್ತಿಗೆ ಮಾಳಿಗೆಯ ಮೇಲೆ ಚಾಪೆ ಸಾಲದಾಯಿತು.

ಎಳ್ಳಮಾಸಿಗೆ ಕಾಜಲಳ ಮನೆಯವರ ಹೊಲದಲ್ಲಿಯೇ ಎಲ್ಲರೂ ಉಂಡೆವು. ಕಡಲೆ ಹೂ ಬಿಟ್ಟಿತ್ತು. ಮಡಕೆಯ ಅಂಬಲಿ, ಭಜ್ಜಿ, ಸಜ್ಜೆಯ ಕಡಬು. ಊಟ ಮುಗಿದಮೇಲೆ ಅಮೃತಪ್ಪ ಮಗಳನ್ನು ಕರೆದು, ಶಿರೂರ ಅನಂತಪಾಳದ ಹತ್ತಿರದ ನಾಗನಾಥ ಮಾವನ ಮನೆಯಲ್ಲಿ ಮೀನಲ ಅತ್ತೆಗೆ ಮೈಯಲ್ಲಿ ಆರಾಮಿಲ್ಲ, ಕುರಿ ಮರಿ ಹಾಕುವ ಕಾಲ, ಕೈ ಸಾಲದು, ಒಂದು ವಾರ ಹೋಗಿ ಬಾ ಎಂದ. ಕಾಜಲ ಉಮಾಬಾಯಿಯವರಿಗೆ ಹೇಳಿ ಹೋದಳು. ಒಂದು ವಾರ ತಾನೇ, ಈಗ ಕನ್ನಡಕ ಹಚ್ಚಿದರೆ ಹಲಗೆ ಕಾಣಿಸುತ್ತದೆ, ನಾನೇ ನೋಡಿಕೊಳ್ಳುತ್ತೇನೆ ಎಂದರು ಅವರು.

ಅಲ್ಲಿ ಹೋಗಿ ನೋಡಿದರೆ ಮೀನಲ ಅತ್ತೆ ನೀರಿನ ಕೊಡ ಹೊತ್ತು ಎದುರು ಬಂದಳಂತೆ. "ನನಗ ಆರಾಮಿಲ್ಲಂತ ಯಾರಂದ್ರು? ನಿಮ್ಮಪ್ಪ ಯಾರದೋ ಸುದ್ದಿ ಯಾರಿಗೋ ಹಚ್ಯಾನ," ಎಂದು ನಕ್ಕಳಂತೆ. ಕಾಜಲಳೂ ನಕ್ಕಳು. ಬಂದದ್ದಾಯಿತೆಂದು ವಾರವೆಲ್ಲ ಮರಿಗಳ ಹಿಂದೆ ಇದ್ದಳು.

ನಿಲಂಗಾದ ಬಸ್ಸಿನಲ್ಲಿ ಉಮರ್ಗಾಕ್ಕೆ ಬಂದು, ಅಲ್ಲಿಂದ ಮುರುಮಕ್ಕೆ ಬಂದು ಇಳಿದಾಗ ಚೌಕದಲ್ಲಿ ಅವಳು ತನ್ನನ್ನೇ ನೋಡಿದಳು. ಎರಡು ಅಂತಸ್ತಿನ ಎತ್ತರದ ಬ್ಯಾನರು. ಅವಳ ಮುಖ, ಅವಳು ಎಂದೂ ಹಾಕದ ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ಮೇಲೆ ಉದಗೀರದ ಒಂದು ಕ್ಲಾಸಿನ ಹೆಸರು, ಕೆಳಗೆ ಮರಾಠಿಯಲ್ಲಿ: ಧನಗರವಾಡಿಯಿಂದ ಡಾಕ್ಟರಕಿಗೆ, ನಮ್ಮ ಹೆಮ್ಮೆಯ ವಿದ್ಯಾರ್ಥಿನಿ. ಪಕ್ಕದಲ್ಲಿ ಕ್ಲಾಸಿನ ಮಾಲೀಕ ಧನರಾಜ ಸರ್ ಕೈ ಮುಗಿದು ನಿಂತ ಚಿತ್ರ.

ಆ ಫೋಟೋ ನಮಗೆಲ್ಲ ಗೊತ್ತಿದ್ದದ್ದು. ಫಲಿತಾಂಶ ಬಂದ ಮರುದಿನ ಮಾಳಿಗೆಯ ಮೇಲೆ ಸೀಮಾ ತೆಗೆದದ್ದು. ಅದರಲ್ಲಿ ಉಮಾಬಾಯಿಯವರು ಕಾಜಲಳ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದರು. ಬ್ಯಾನರಿನಲ್ಲಿ ಅವರನ್ನು ಕತ್ತರಿಸಿದ್ದರು. ಆದರೆ ಕೈ ಉಳಿದಿತ್ತು. ಬಿಳಿ ಕೋಟಿನ ಹೆಗಲ ಮೇಲೆ ನಾಲ್ಕು ಬೆರಳು, ಮಣಿಕಟ್ಟಿನಲ್ಲಿ ಬೆಳ್ಳಿ ಬಳೆ, ಅಲ್ಲಿಗೆ ಕೈ ಕೊನೆಯಾಗಿ ಬ್ಯಾನರಿನ ನೀಲಿ ಬಣ್ಣ ಶುರುವಾಗುತ್ತಿತ್ತು.

ಕಾಜಲ ಮಾಳಿಗೆಯ ಕಡೆ ಹೋಗಲಿಲ್ಲ. ನೇರ ಮನೆಗೆ ಬಂದಳು. ನಾನು ಗೋಡೆಯ ಈಚೆ ಬಟ್ಟೆ ಒಣ ಹಾಕುತ್ತಿದ್ದೆ, ಅವಳ ಮುಖ ನೋಡಿ ಅತ್ತ ಹೋದೆ. ಅಮೃತಪ್ಪ ಟಗರನ್ನು ಕಾಲಡಿ ಹಿಡಿದು ಗೊರಸು ಕತ್ತರಿಸುತ್ತಿದ್ದ.

"ಅಪ್ಪಾ, ನಾ ಎಲ್ಲಿ ಕಲ್ತೀನಿ?"

"ಕಲ್ತಾಕಿ ನೀ. ಎಲ್ಲಿ ಕಲ್ತ್ರೇನು," ಎಂದ ತಲೆ ಎತ್ತದೆ.

ಆಮೇಲೆ ಅವನೇ ಎಲ್ಲ ಹೇಳಿದ. ಧನರಾಜ ಸರ್ ಎಳ್ಳಮಾಸಿಯ ಹಿಂದಿನ ಭಾನುವಾರ ಬೀರಪ್ಪನ ಗುಡಿಗೆ ಬಂದಿದ್ದ. ಚಪ್ಪಲಿ ದೂರ ಬಿಟ್ಟು, ಉಪವಾಸ ಇದ್ದು, ಕಾಯಿ ಒಡೆಸಿದ. ಅಮೃತಪ್ಪನನ್ನು ಮಾಮಾ ಎಂದು ಕರೆದ. ನಿಮ್ಮ ದೊಡ್ಡ ಮಗಳ ಫೋಟೋ ನಮಗೆ ಕೊಡಿ, ಸಣ್ಣವಳನ್ನು ಹತ್ತನೆಯದು ಮುಗಿದ ಮೇಲೆ ನಮ್ಮಲ್ಲಿ ಕಳಿಸಿ, ಅವಳ ಓದು ಹಾಸ್ಟೆಲು ಎಲ್ಲ ನಮ್ಮದು ಎಂದ. ಹಾಗೆಂದು ಎರಡೂ ಅಂಗೈ ಮುಂದೆ ಮಾಡಿ ಭಂಡಾರ ಬೇಡಿದ.

ಕುರಿ ಹಂಚಿಕೆಯಾಗಲಿ, ಹೆಣ್ಣು ಕೊಡುವ ಮಾತಾಗಲಿ, ಅವರಲ್ಲಿ ಕಾಗದವೇ ಇಲ್ಲ. ಬೀರಪ್ಪನ ಮುಂದೆ ಒಬ್ಬರ ಹಣೆಗೆ ಒಬ್ಬರು ಆ ಅರಿಸಿನ ಹಚ್ಚಿದರೆ ಮಾತು ಮುಗಿಯಿತು. ಅದನ್ನು ಮುರಿದವರ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಧನರಾಜ ಸರ್ ಇದನ್ನು ಎಲ್ಲಿ ತಿಳಿದುಕೊಂಡಿದ್ದನೋ. ಅಮೃತಪ್ಪನಿಗೆ ಅನಿಸಿದ್ದು ಇಷ್ಟೇ: ಸುಳ್ಳು ಕೇಳುವವನು ಭಂಡಾರ ಬೇಡುವುದಿಲ್ಲ. ಅವನು ಹಚ್ಚಿದ.

"ಫೋಟೋ ಅಂದ. ಕೊಟ್ಟೆ. ಗ್ವಾಡಿಗಿ ಹಾಕ್ತಾರಂತ ತಿಳಿದೆ. ಹಿಂಗ ಮಾಡ್ತಾರಂತ ನನಗೇನು ಗೊತ್ತು."

ಕಾಜಲ ಒಂದು ಕ್ಷಣ ಇದನ್ನು ನಂಬಿದಳೆಂದು ನನಗೆ ಅನಿಸಿತು. ಅವಳ ಭುಜ ಸ್ವಲ್ಪ ಇಳಿಯಿತು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಮತ್ತ ಮಾವನ ಮನಿಗಿ ಯಾಕ ಕಳಸ್ದಿ?"

ಅಮೃತಪ್ಪನ ಕತ್ತರಿ ನಿಂತಿತು. ಉತ್ತರ ಕೊಟ್ಟವಳು ದ್ರೌಪದಿ. "ನೀ ಇದ್ದಿದ್ರ ಬ್ಯಾಡ ಅಂತಿದ್ದಿ. ನಿನ್ನ ತಂಗಿನೂ ಹೆಣ್ಣೇ ಅದಾಳಲ್ಲ? ನಾಳಿ ನೀ ಹೋಗ್ತಿ. ನಿಮ್ಮ ಅಕ್ಕೋರಿಗಿ ವಯಸ್ಸಾಗ್ಯದ. ಸೀಮಾಗ ಯಾರಿದ್ದಾರ? ನಿನ್ನ ಮಾರಿಯಿಂದ ಆಕಿಗಿ ನಾಕು ಅಕ್ಷರ ಬಂದ್ರ ನಿನ್ನ ಮಾರಿ ಏನು ಸವದು ಹೋಗ್ತದ?"

ಕಾಜಲ ತಂಗಿಯ ಕಡೆ ನೋಡಿದಳು. ಸೀಮಾ ಹೊಸ್ತಿಲಲ್ಲಿ ನಿಂತಿದ್ದಳು. ಫೋಟೋ ಅವಳ ಮೊಬೈಲಿನಿಂದಲೇ ಹೋಗಿತ್ತು. ಅವಳು ಅಕ್ಕನನ್ನು ನೋಡದೆ ದುಪಟ್ಟಾದ ಅಂಚನ್ನು ಸುತ್ತುತ್ತಿದ್ದಳು. ಅಪ್ಪ, ಅವ್ವ, ತಂಗಿ, ಮೂವರಿಗೂ ಗೊತ್ತಿತ್ತು. ಎಳ್ಳಮಾಸಿಯ ದಿನ ಮೂವರೂ ಅವಳ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡಿದ್ದರು. ಗುರಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವಳು ಅಂಗಳದ ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಕೈ ನಿಲ್ಲಿಸಿ ಮಗನನ್ನೇ ನೋಡಿದಳು.

ಮರುದಿನ ಕಾಜಲ ಮುರುಮಕ್ಕೆ ಹೋದಳು. ನಾನು ಜೊತೆಯಲ್ಲಿದ್ದೆ. ಮಾಳಿಗೆಯ ಮೆಟ್ಟಿಲ ಕೆಳಗೆ ಚಾಪೆಗಳನ್ನು ಸುತ್ತಿ ಇಟ್ಟಿದ್ದರು. ವಾರದೊಳಗೆ ಹುಡುಗಿಯರು ಒಬ್ಬೊಬ್ಬರೇ ಬಿಟ್ಟಿದ್ದರು. ಕಾಜಲ ಉದಗೀರದಲ್ಲಿ ಕಲಿತವಳಾದರೆ ನಮ್ಮ ಮಕ್ಕಳು ಈ ಮಾಳಿಗೆಯ ಮೇಲೆ ಯಾಕೆ ಕೂರಬೇಕು ಎಂದು ಮನೆಯವರು ಕೇಳಿದ್ದರು. ಧನರಾಜ ಸರ್‌ನ ಜನ ವಾಡಿ ವಾಡಿಗೆ ಜೀಪಿನಲ್ಲಿ ಬಂದು ಹೋಗಿದ್ದರು.

ಉಮಾಬಾಯಿಯವರು ಬಾಗಿಲು ತೆರೆದು ಒಳಗೆ ಕರೆದರು. ಅಲ್ಲಿಯವರೆಗೆ ಆ ಮನೆಯಲ್ಲಿ ಚಹಾ ಮಾಡುತ್ತಿದ್ದವಳು ಕಾಜಲ. ಅಂದು ಅವರೇ ಮಾಡಿ, ಕಪಾಟಿನಿಂದ ಕಪ್ಪು ಬಸಿ ತೆಗೆದು, ತಟ್ಟೆಯಲ್ಲಿ ಬಿಸ್ಕತ್ತು ಇಟ್ಟು ತಂದರು.

"ತಗೋರಿ," ಎಂದರು ಕಾಜಲಳಿಗೆ.

ಆ ಒಂದು 'ರೀ' ಕೇಳಿ ಅವಳ ಕಣ್ಣು ತುಂಬಿತು.

"ನನಗ ಗೊತ್ತಿರಲಿಲ್ರಿ ಅಕ್ಕೋರೆ."

"ನಿಮ್ಮ ಮಾರಿ. ನಿಮಗ ಕೇಳದೇ ಹಚ್ಚಿದ್ರೇನು?"

"ಹೌದ್ರಿ."

"ನಂದೂ ಕಣ್ಣು ಈಗ ಚೊಲೋ ಆಗ್ಯಾವ. ಚೌಕಿಗಿ ಹೋಗಿ ನೋಡ್ದೆ. ಮೊದಲು ಬಳಿ ಗುರುತು ಹತ್ತಿದ್ವು." ಸ್ವಲ್ಪ ತಡೆದು ಹೇಳಿದರು, "ಕೈಯೂ ತೆಗಿಬೇಕಿತ್ತು ಅವರು. ಅರ್ಧಾ ಕೆಲಸ ಮಾಡ್ಯಾರ."

ಅದಕ್ಕಿಂತ ಹೆಚ್ಚು ಮಾತು ಆಗಲಿಲ್ಲ. ಅವರು ನಂಬಲಿಲ್ಲ. ನಂಬುವುದು ಹೇಗೆ? ಎಳ್ಳಮಾಸಿ ಮುಗಿದದ್ದೇ ಅವಳು ಊರಲ್ಲಿ ಇರಲಿಲ್ಲ, ಅವಳು ಇಲ್ಲದ ವಾರದಲ್ಲಿಯೇ ಎಲ್ಲ ಆಗಿತ್ತು.

ಅಲ್ಲಿಂದ ಕಾಜಲ ಹುಡುಗಿಯರ ಮನೆಗಳಿಗೆ ಹೋದಳು. ಬಾಗಿಲು ಬಾಗಿಲಿಗೆ ನಿಂತು, ನಾನು ಉದಗೀರದ ಆ ಕ್ಲಾಸಿನ ಮೆಟ್ಟಿಲನ್ನೂ ತುಳಿದಿಲ್ಲ ಎಂದು ಹೇಳಿದಳು. ಎಲ್ಲರೂ ಕೂರಿಸಿ ಮಾತಾಡಿಸಿದರು. ಚಂಪಾಬಾಯಿ ಜರಡಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ ಮಾತು ನನಗೆ ಇನ್ನೂ ಕೇಳುತ್ತದೆ. "ನೀ ಖರೇನೇ ಹೇಳ್ತಿ ಅವ್ವಾ, ನನಗ ಗೊತ್ತದ. ದಿನಾ ನಿನ್ನ ಮಾಳಗಿ ಮ್ಯಾಲ ನೋಡೀನಿ. ಆದ್ರ ನಿಮ್ಮಪ್ಪನೇ ನಿನ್ನ ತಂಗಿಗಿ ಅಲ್ಲಿ ಹಾಕ್ಲಿಕತ್ಯಾನ. ನಮಗೆಲ್ಲ ಇಲ್ಲೇ ಇರ್ರಿ ಅಂತಿ."

ಕಾಜಲ ಅವಳ ಜರಡಿ ಎತ್ತಿ ಕೈಗೆ ಕೊಟ್ಟು ಹೊರಗೆ ಬಂದಳು.

ಸಂಕ್ರಾಂತಿ ಆದ ಮೇಲೆ ಉದಗೀರದ ಆ ಕ್ಲಾಸಿನಲ್ಲಿ ಕಾಜಲಳಿಗೆ ಸತ್ಕಾರ ಇಟ್ಟರು. ಕಾಜಲ ಹೋಗುವುದಿಲ್ಲ ಎನ್ನುತ್ತಾಳೆಂದು ಮನೆಯವರು ಹೆದರಿದ್ದರು. ಅವಳು ತಾನಾಗಿಯೇ ಹೊರಟಳು. ಉಮಾಬಾಯಿಯವರ ಕಿವಿಗೆ ಮುಟ್ಟುವ ಹಾಗೆ ಹೇಳಲು ಅವಳಿಗೆ ಇನ್ನೊಂದು ಜಾಗ ಇರಲಿಲ್ಲ. ಜೀಪಿನಲ್ಲಿ ಅವರ ಮನೆಯವರ ಜೊತೆ ನಾನೂ ಇದ್ದೆ. ಉಮರ್ಗಾ, ನಿಲಂಗಾ, ದೇವಣಿಯ ದಾರಿ. ಇಕ್ಕೆಲದಲ್ಲಿ ಕಬ್ಬು ಕಡಿದ ಹೊಲಗಳು. ದಾರಿಯುದ್ದಕ್ಕೂ ಕಾಜಲಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

ಸಭೆ ತುಂಬಿತ್ತು. ಧನರಾಜ ಸರ್ ಬಹಳ ಮೃದುವಾಗಿ ಮಾತಾಡುವ ಮನುಷ್ಯ. ಅಮೃತಪ್ಪನಿಗೆ ಹಳದಿ ರುಮಾಲು ಸುತ್ತಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ. ಕಾಜಲಳ ಹೆಗಲಿಗೆ ಹೊಸ ಕರಿ ಕಂಬಳಿ ಹೊದಿಸಿದ. ಬೀರಪ್ಪನ ಗುಡಿಯ ಭಂಡಾರವನ್ನೇ ತರಿಸಿಟ್ಟಿದ್ದ. ಈ ಮಗಳು ನಮ್ಮವಳು ಎಂದು ಹೇಳಿ ಅದನ್ನು ಅವಳ ಹಣೆಗೆ ಹಚ್ಚಿದ. ಅವರ ಜನರಲ್ಲಿ ಅದರ ಮುಂದೆ ಮಾತಿಲ್ಲ. ಅಮೃತಪ್ಪ ಕಣ್ಣು ಮುಚ್ಚಿ ಕೈ ಮುಗಿದ.

ಕಾಜಲ ಮೈಕು ಹಿಡಿದು ಮರಾಠಿಯಲ್ಲಿ ಹೇಳಿದಳು. ದನಿ ನಡುಗಲಿಲ್ಲ. ಈ ಕಟ್ಟಡಕ್ಕೆ ಬಂದದ್ದು ಇವತ್ತೇ ಮೊದಲು ಎಂದಳು. ಇಲ್ಲಿ ಒಂದು ದಿನವೂ ಕಲಿತಿಲ್ಲ, ಕಲಿತದ್ದು ಮುರುಮದ ಉಮಾಬಾಯಿಯವರ ಮಾಳಿಗೆಯ ಮೇಲೆ, ನಿಮ್ಮ ಬ್ಯಾನರಿನಲ್ಲಿ ನನ್ನ ಹೆಗಲ ಮೇಲೆ ಇರುವ ಕೈ ಅವರದು ಎಂದಳು.

ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಧನರಾಜ ಸರ್ ಎದ್ದ. ಅವಳ ಕೈಯಿಂದ ಮೈಕನ್ನು ಪ್ರೀತಿಯಿಂದ ಎಂಬಂತೆ ತೆಗೆದುಕೊಂಡ. ಕಣ್ಣೊರೆಸಿಕೊಂಡ. ಇದಕ್ಕೆ ಸಂಸ್ಕಾರ ಎನ್ನುತ್ತಾರೆ, ಎಂದ ಪಾಲಕರ ಕಡೆ ತಿರುಗಿ. ಇಷ್ಟು ಎತ್ತರಕ್ಕೆ ಹೋದರೂ ಬಾಲ್ಯದ ಗುರುವನ್ನು ಮರೆತಿಲ್ಲ, ನಾವು ಇಲ್ಲಿ ಮಕ್ಕಳಿಗೆ ಕಲಿಸುವುದು ಇದನ್ನೇ. ಆ ತಾಯಿಗಾಗಿ ಎಲ್ಲರೂ ಎದ್ದು ನಿಲ್ಲಿ ಎಂದ. ಎಲ್ಲರೂ ಎದ್ದು ನಿಂತರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ನನ್ನ ಪಕ್ಕದ ಹೆಂಗಸು ಅಳುತ್ತ ಚಪ್ಪಾಳೆ ತಟ್ಟುತ್ತಿದ್ದಳು. ಕಾಜಲ ಕಂಬಳಿ ಹೊದ್ದು ವೇದಿಕೆಯ ನಡುವೆ ನಿಂತೇ ಇದ್ದಳು, ಏನೋ ಹೇಳಲು ಬಾಯಿ ತೆರೆದಳು. ಅದು ಯಾರಿಗೂ ಕೇಳಲಿಲ್ಲ.

ಬರುವಾಗ ನಿಲಂಗಾದಲ್ಲಿ ಚಹಾಕ್ಕೆ ಇಳಿದೆವು. ಅಮೃತಪ್ಪ ರುಮಾಲು ಬಿಚ್ಚಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚಹಾ ಕುಡಿಯುತ್ತ ಹೇಳಿದ, "ಹಣಿ ಮ್ಯಾಲ ಭಂಡಾರ ಇಟ್ಕೊಂಡು ಹಂಗ ಅಂದಿ. ಬೀರಪ್ಪನ ಮುಂದ ನನ್ನ ಮಾತು ಸುಳ್ಳು ಮಾಡ್ದಿ."

"ಸುಳ್ಳಿಗಿ ಭಂಡಾರ ಯಾಕ ಹಚ್ಚಿದಿ ಅಪ್ಪಾ?"

ಅವನು ಗಲ್ಲಾಸು ಕೆಳಗಿಟ್ಟ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ಮಗಳು ತನ್ನನ್ನು ಹೊರಗೆ ಹಾಕಿದಳೆಂಬ ನೋವು ಅದು. ಅದೇ ನೋವು ಅವಳ ಮುಖದಲ್ಲಿಯೂ ಇತ್ತು. ಇಬ್ಬರೂ ಒಂದೇ ಬಾಕಿನ ಮೇಲೆ ಕೂತಿದ್ದರು, ನಡುವೆ ಆ ಹಳದಿ ರುಮಾಲು. ಅಂದಿನಿಂದ ಅಪ್ಪ ಮಗಳು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು.

ಎರಡು ದಿನಕ್ಕೆ ಮರಾಠಿ ಪೇಪರಿನಲ್ಲಿ ಸುದ್ದಿ ಬಂತು: ಗುರುವನ್ನು ಮರೆಯದ ವಿದ್ಯಾರ್ಥಿನಿ. ಕ್ಲಾಸಿನ ಹೆಸರು ದಪ್ಪ ಅಕ್ಷರದಲ್ಲಿ, ಕೊನೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ ಉಮಾಬಾಯಿಯವರ ಹೆಸರು. ಅಂದೇ ಉಮಾಬಾಯಿಯವರು ಕಾಜಲಳಿಗೆ ಬಾ ಎಂದು ನನ್ನ ಕೈಯಲ್ಲಿ ಹೇಳಿ ಕಳಿಸಿದರು. ಹೋದಾಗ ಪೇಪರು ಅವರ ತೊಡೆಯ ಮೇಲಿತ್ತು.

"ನಾ ನಿನಗ ಒಂದನೆತ್ತಾ ಕಲಸೀನಂತ. ಅ ಆ ಇ ಈ ತಿದ್ದಸೀನಂತ," ಎಂದು ನಕ್ಕರು. 'ರೀ' ಹೋಗಿತ್ತು. ಕಾಜಲ ಅವರ ಮಡಿಲಲ್ಲಿ ತಲೆ ಇಟ್ಟಳು. ಅವರು ಅವಳ ಕೂದಲಲ್ಲಿ ಬೆರಳಾಡಿಸುತ್ತ, ನಿನ್ನ ಮೇಲೆ ಸಿಟ್ಟಿಲ್ಲ ಎಂದರು. ಅಲ್ಲಿ ನಿಂತು ಹೇಳಿದೆಯಂತೆ, ಅಷ್ಟು ಸಾಕು ಎಂದರು. ಆದರೆ ತಮ್ಮನಿಗೆ ಫೋನು ಮಾಡಿದ್ದೂ ಹೇಳಿದರು. ಸಾಮಾನೆಲ್ಲ ಆಗಲೇ ಕಟ್ಟಿಯಾಗಿತ್ತು.

"ಮಕ್ಕಳಿಲ್ದ ಮಾಳಗಿ ಏನು ಮಾಡ್ಲಿ? ಮೆಣಸಿನಕಾಯಿ ಒಣಾ ಹಾಕ್ಲೇನು?"

ಕಾಜಲ ಬೇಡ ಎಂದು ಹೇಳಲಿಲ್ಲ. ಹೇಳುವ ಹಕ್ಕು ತನ್ನ ಕೈಯಿಂದ ಹೋಗಿದೆಯೆಂದು ಅವಳಿಗೆ ಅನಿಸಿತೆಂದು ಆಮೇಲೆ ನನಗೆ ಹೇಳಿದಳು. ಕಲ್ಯಾಣದ ಬಸ್ಸಿಗೆ ಅವರ ಟ್ರಂಕು ಹೊತ್ತವಳು ಅವಳೇ. ಬಸ್ಸು ಚೌಕದಲ್ಲಿ ಬ್ಯಾನರಿನ ಕೆಳಗೇ ಹಾದು ಹೋಯಿತು. ಉಮಾಬಾಯಿಯವರು ಖಿಡಕಿಯಿಂದ ಕೈ ಬೀಸಿದರು, ಮೇಲೆ ನೋಡಲಿಲ್ಲ.

ಕೋರ್ಟಿನ ಕೆಲಸ ಮುಗಿದು ಸೀಟು ಸಿಕ್ಕಿ ಕಾಜಲ ಹಾಸ್ಟೆಲಿಗೆ ಹೋದಳು. ಬೇಸಿಗೆಯಲ್ಲಿ ಸೀಮಾ ಉದಗೀರಕ್ಕೆ ಹೋದಳು. ಚಂಪಾಬಾಯಿಯ ಮಗಳೂ ಅದೇ ಜೀಪು ಹತ್ತಿದಳು, ಆದರೆ ನಡುವೆಯೇ ಬಿಟ್ಟು ಬಂದು ಈಗ ಅವ್ವನ ಜೊತೆ ಅಡತಿಗೆ ಹೋಗುತ್ತಾಳೆ. ಅಲ್ಲಿ ಎಲ್ಲ ಮರಾಠಿ ಇಂಗ್ಲಿಷು, ಕೇಳಿದರೆ ನಗುತ್ತಾರೆ ಎಂದಷ್ಟೇ ಹೇಳಿದಳು.

ದೀಪಾವಳಿಗೆ ಅಕ್ಕ ತಂಗಿ ಇಬ್ಬರೂ ಊರಿಗೆ ಬಂದಿದ್ದರು. ಅಂಗಳದಲ್ಲಿ ಹೊಸ ಶೇಂಗಾ ಸುಲಿಯುತ್ತ ಕೂತಿದ್ದೆವು. ಸೀಮಾ ಬಹಳ ಬದಲಾಗಿದ್ದಳು. ಮಾತು ಬಂದಿತ್ತು, ಮೈ ನೆಟ್ಟಗಾಗಿತ್ತು. ಓದಿನಲ್ಲಿ ಮುಂದಿದ್ದಳು, ಅದು ಸುಳ್ಳಲ್ಲ. ಕ್ಲಾಸಿನ ಸುದ್ದಿ ಹೇಳುತ್ತ ಹೇಳುತ್ತ, ಹೊಸ ಪಾಲಕರು ಬಂದಾಗಲೆಲ್ಲ ಸರ್ ನನ್ನನ್ನೇ ಕರೆಯುತ್ತಾರೆ ಎಂದಳು.

"ಯಾಕ?" ಅಂದೆ ನಾನು.

"ತೋರಸ್ಲಿಕ್ಕ. ಅಕ್ಕ ಕುಂದರತಿದ್ದ ಜಾಗಾ."

ನಾನು ಕಾಜಲಳ ಮುಖ ನೋಡಲಿಲ್ಲ. ಕಾಜಲ ಇನ್ನೊಂದು ಶೇಂಗಾ ಒಡೆದು ಕಾಳು ಬುಟ್ಟಿಗೆ ಹಾಕಿದಳು. "ಎಲ್ಲಿ ಕುಂದರತಿದ್ದೆ ನಾ?" ಎಂದು ಕೇಳಿದಳು. ದನಿಯಲ್ಲಿ ಚುಚ್ಚು ಇರಲಿಲ್ಲ.

"ಖಿಡಕಿ ಬಾಜೂಕ. ಎರಡನೇ ಬೆಂಚು."

"ಖಿಡಕಿಯಿಂದ ಏನು ಕಾಣಸ್ತದ?"

"ಕ್ವಾಟಿ ಬುರುಜು ಕಾಣಸ್ತದ ಅಕ್ಕಾ," ಅಂದಳು ಸೀಮಾ. ಅವಳ ಮುಖ ಅರಳಿತು. ಒಳ್ಳೆಯ ಜಾಗವನ್ನು ಅಕ್ಕನಿಗೆ ತಾನೇ ಹುಡುಕಿ ಕೊಟ್ಟವಳ ಹಾಗೆ. "ಸಂಜಿ ಮುಂದ ಚಂದ ಕಾಣಸ್ತದ."

ಕಾಜಲ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಮಡಿಲಿನ ಸಿಪ್ಪೆ ಕೊಡವಿ ಎದ್ದು ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ರಜೆ ಇನ್ನೂ ಬಹಳ ಉಳಿದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಅವಳು ಕಲ್ಯಾಣಕ್ಕೆ, ಉಮಾಬಾಯಿಯವರಲ್ಲಿಗೆ ಹೊರಟಳು. ಅಮೃತಪ್ಪ ಕುರಿ ಬಿಡುತ್ತಿದ್ದವನು, ಎಲ್ಲಿಗೆ ಎಂದು ಕೇಳಲಿಲ್ಲ.